ಮಲೆನಾಡಿನ ದಿನನಿತ್ಯದ ಓಡಾಟಕ್ಕೆ ಲೋವರ್ ಆರ್ಮ್ ಬುಷ್: ರಬ್ಬರೋ, ಪಾಲಿಯುರೆಥೇನೋ?

ಬೇಲೂರು ದಾರಿ:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ವಾಸವಾಗಿದ್ದು, ವಾರದಲ್ಲಿ ಐದು ದಿನ ಬೇಲೂರಿನ ಮೂಲಕ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ಒಂದು ಬದಿಗೆ ಸುಮಾರು 60 ಕಿಲೋಮೀಟರ್ ಆಗುತ್ತದೆ. ತಿಂಗಳಿಗೆ ಎರಡು ಸಲ ತಂದೆ ತಾಯಿಯನ್ನು ಕರೆದುಕೊಂಡು ಮೂಡಿಗೆರೆಯಾಚೆ ಇರುವ ತೋಟಕ್ಕೆ ಹೋಗುವುದುಂಟು. ಅಲ್ಲಿ ಕೊನೆಯ ಎರಡು ಕಿಲೋಮೀಟರ್ ಬರೀ ಕಲ್ಲು ಮತ್ತು ಕೆಮ್ಮಣ್ಣಿನ ದಾರಿ. ಕಾರು ಹನ್ನೊಂದು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್, 1,32,000 ಕಿಲೋಮೀಟರ್ ಓಡಿದೆ.

ಹದಿನಾಲ್ಕು ತಿಂಗಳ ಹಿಂದೆ ಮುಂದಿನ ಎರಡೂ ಲೋವರ್ ಆರ್ಮ್‌ಗಳಿಗೆ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳುಗಳು) ಹೊಸ ರಬ್ಬರ್ ಬುಷ್ (ಆ ಕೀಲಿನಲ್ಲಿ ಕೂರುವ ಮೆತ್ತೆ) ಹಾಕಿಸಿದ್ದೆ. ಈಗ ಮತ್ತೆ ಹಂಪ್ ಇಳಿಯುವಾಗ ಎಡಗಡೆಯಿಂದ ಟಕ್ ಎಂಬ ಶಬ್ದ ಬರುತ್ತಿದೆ, ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಮುಂದಿನ ಟೈರುಗಳ ಒಳ ಅಂಚು ಸವೆಯತೊಡಗಿದೆ. ಬೆಂಗಳೂರಿನಲ್ಲಿರುವ ಗೆಳೆಯರೊಬ್ಬರು, "ರಬ್ಬರಿನ ಸಹವಾಸವೇ ಬೇಡ, ಅದಕ್ಕಿಂತ ಗಟ್ಟಿಯಾದ ಪಾಲಿಯುರೆಥೇನ್ ಎಂಬ ಕೃತಕ ವಸ್ತುವಿನ ಬುಷ್ ಹಾಕಿಸಿದರೆ ಗಾಡಿ ಮಾರುವವರೆಗೆ ಚಿಂತೆಯಿಲ್ಲ" ಎನ್ನುತ್ತಿದ್ದಾರೆ. ನನಗೆ ರೇಸಿನ ಹುಚ್ಚಿಲ್ಲ. ಅಮ್ಮನಿಗೆ ಸೊಂಟನೋವು ಇರುವುದರಿಂದ ಗಾಡಿ ಕುಲುಕುವುದೂ ಬೇಡ. ಮುಂಗಾರು ಹಿಡಿಯುವುದರೊಳಗೆ ಕೆಲಸ ಮುಗಿಸಬೇಕೆಂದಿದ್ದೇನೆ. ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಕೈಮರದ ತಿರುವು:

ನಾನು ಎರಡು ವರ್ಷದಿಂದ ಮುಂಭಾಗಕ್ಕೆ ಪೂರ್ತಿ ಪಾಲಿ (ಪಾಲಿಯುರೆಥೇನ್) ಬುಷ್‌ಗಳನ್ನು ಬಳಸುತ್ತಿದ್ದೇನೆ, ಆದ್ದರಿಂದ ಹೊಗಳಿಕೆ ಮತ್ತು ದೂರು ಎರಡನ್ನೂ ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ. ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ಏರುವ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ; ರಬ್ಬರ್ ಇದ್ದಾಗ ಕೈ ತಿರುಗಿದ ಮೇಲೆ ಗಾಡಿ ಒಂದು ಗಳಿಗೆ ಯೋಚಿಸಿ ತಿರುಗುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೂ ಚಕ್ರ ಅತ್ತಿತ್ತ ಅಲುಗದೆ ನೇರವಾಗಿ ನಿಲ್ಲುತ್ತದೆ.

ಇನ್ನು ದೂರುಗಳು. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಹಳೆಯ ಮನೆಯ ಬಾಗಿಲು ತೆರೆದಂತೆ ಕಿರ್ರ್ ಎನ್ನುವ ಶಬ್ದ ಶುರುವಾಯಿತು. ಬಿಚ್ಚಿ, ತೊಳೆದು, ಗ್ರೀಸ್ ಹಾಕಿಸಿದ ಮೇಲೆ ನಿಂತಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಬಂತು. ಒರಟು ಡಾಂಬರಿನ ಮೇಲೆ ಹೋಗುವಾಗ ಕಾಲ ಕೆಳಗೆ ಸಣ್ಣ ನಡುಕ ಗೊತ್ತಾಗುತ್ತದೆ. ನನಗೆ ಇದು ಒಪ್ಪಿತ, ನನ್ನ ಮನೆಯವರಿಗೆ ಅಲ್ಲ.

ಐಟಿಐ ಮೇಷ್ಟ್ರು:

ಬೇಲೂರು ದಾರಿಯವರು ಕೇಳಿರುವ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಬುಷ್ ಎಂಬುದು ಅಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ನಾನು ಮೂವತ್ತು ವರ್ಷ ಮೋಟಾರು ವಾಹನ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆದರೆ ಸಹಿಸಿಕೊಳ್ಳಬೇಕು.

ಕಾರಿನ ರಬ್ಬರ್ ಬುಷ್ ಅಂದರೆ ಹೊರಗೊಂದು ಲೋಹದ ಕೊಳವೆ, ಒಳಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡಂತೆ ಎರಕವಾದ ರಬ್ಬರ್. ಬೋಲ್ಟ್ ಬಿಗಿದಾಗ ಒಳಕೊಳವೆ ಗಾಡಿಯ ಚೌಕಟ್ಟಿಗೆ ಕಚ್ಚಿಕೊಂಡು ಅಲುಗದೆ ನಿಲ್ಲುತ್ತದೆ, ಹೊರಕೊಳವೆ ಆರ್ಮ್ ಜೊತೆ ಏರಿಳಿಯುತ್ತದೆ. ಅಂದರೆ ಇಲ್ಲಿ ಯಾವುದೂ ಜಾರುವುದಿಲ್ಲ, ಉಜ್ಜುವುದಿಲ್ಲ; ಒದ್ದೆ ಬಟ್ಟೆ ಹಿಂಡಿದಂತೆ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಉಜ್ಜುವಿಕೆ ಇಲ್ಲವಾದ್ದರಿಂದ ಗ್ರೀಸಿನ ಅಗತ್ಯವಿಲ್ಲ, ಕೆಸರು ಹೋಗಲು ಸಂದೂ ಇಲ್ಲ. ಪಾಲಿ ಬುಷ್ ಬಹುತೇಕ ಹಾಗಲ್ಲ. ಅದು ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುವುದಿಲ್ಲ, ಅದರ ಸುತ್ತ ಜಾರಿ ತಿರುಗುತ್ತದೆ. ಜಾರುವ ಜಾಗದಲ್ಲಿ ಗ್ರೀಸ್ ಬೇಕು, ಗ್ರೀಸ್ ಇದ್ದಲ್ಲಿಗೆ ನೀರು ಮತ್ತು ಮರಳು ಬರುತ್ತವೆ. ಕೈಮರದವರ ಗಾಡಿ ಕಿರುಗುಟ್ಟಿದ್ದಕ್ಕೆ ಕಾರಣ ಇದೇ.

ಎರಡನೆಯ ಮಾತು. ಈಗಿನ ಸಣ್ಣ ಕಾರುಗಳ ಲೋವರ್ ಆರ್ಮ್ ಸಾಮಾನ್ಯವಾಗಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದ್ದು, ಅದಕ್ಕೆ ಎರಡು ಬುಷ್‌ಗಳಿರುತ್ತವೆ. ಮುಂದಿನದು ಗಟ್ಟಿ, ತಿರುವಿನಲ್ಲಿ ಬರುವ ಅಡ್ಡಬಲವನ್ನು ಹೆಚ್ಚಾಗಿ ಅದೇ ತಡೆಯುತ್ತದೆ. ಹಿಂದಿನದು ದಪ್ಪ ಮತ್ತು ಮೃದು; ಎಷ್ಟೋ ಗಾಡಿಗಳಲ್ಲಿ ಆ ರಬ್ಬರಿನೊಳಗೆ ಬೇಕೆಂದೇ ಟೊಳ್ಳು ಸಂದುಗಳನ್ನು ಬಿಟ್ಟಿರುತ್ತಾರೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಅದು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿದು ಪೆಟ್ಟನ್ನು ನುಂಗಿ, ಮತ್ತೆ ಮುಂದಕ್ಕೆ ಬರಲು ಈ ಟೊಳ್ಳುಗಳೇ ಜಾಗ ಕೊಡುತ್ತವೆ. ಅಲ್ಲಿ ಇಡಿಯಾದ ಪಾಲಿ ತುಂಡನ್ನು ಕೂರಿಸಿದರೆ ಚಕ್ರ ಸರಿಯುವುದಿಲ್ಲ. ಸ್ಟೀರಿಂಗ್ ಚುರುಕಾಗುವುದು ನಿಜ, ಆದರೆ ರಬ್ಬರ್ ನುಂಗುತ್ತಿದ್ದ ಪೆಟ್ಟನ್ನು ಇನ್ನು ಮುಂದೆ ಟೈರು, ರಿಮ್, ಚೌಕಟ್ಟು ಮತ್ತು ನಿಮ್ಮ ತಾಯಿಯವರ ಸೊಂಟ ಹಂಚಿಕೊಳ್ಳುತ್ತವೆ. ಕೆಲವು ಗಾಡಿಗಳಲ್ಲಿ ಆ ಹಿಂದಿನ ಬುಷ್ ನೆಟ್ಟಗೆ ನಿಂತಿರುತ್ತದೆ. ಆರ್ಮ್ ಏರಿಳಿಯುವಾಗ ಅದು ತಿರುಗುವುದರ ಬದಲು ಓರೆಯಾಗಬೇಕಾಗುತ್ತದೆ. ರಬ್ಬರಿಗೆ ಅದು ಸುಲಭ, ಗಟ್ಟಿ ಪಾಲಿ ಅಲ್ಲಿ ಬಿಗಿದುಕೊಳ್ಳುತ್ತದೆ.

ಹಾಗಾಗಿ ಯಾವ ವಸ್ತು ಮೇಲು ಎಂದು ಕೇಳುವುದಕ್ಕಿಂತ ಯಾವ ಜಾಗಕ್ಕೆ ಎಂದು ಕೇಳಬೇಕು. ಆದರೆ ನನಗೆ ಅದಕ್ಕಿಂತಲೂ ಕುತೂಹಲ ಹುಟ್ಟಿಸಿರುವುದು ತಮ್ಮ ಹದಿನಾಲ್ಕು ತಿಂಗಳ ಲೆಕ್ಕ. ಒಳ್ಳೆಯ ರಬ್ಬರ್ ಬುಷ್ ಇಷ್ಟು ಬೇಗ ಹೋಗಬಾರದು. ಕಳೆದ ಸಲ ಬುಷ್ ಹಾಕಿದಾಗ ಆರ್ಮ್ ಬೋಲ್ಟುಗಳನ್ನು ಕೊನೆಯ ಬಿಗಿ ಕೊಟ್ಟದ್ದು ಗಾಡಿ ಲಿಫ್ಟಿನ ಮೇಲಿದ್ದಾಗಲೋ, ನೆಲದ ಮೇಲಿದ್ದಾಗಲೋ? ನೆನಪಿದೆಯೇ?

ಬೇಲೂರು ದಾರಿ:

ಮೇಷ್ಟ್ರೇ, ನಾನು ಅಂದು ಅಲ್ಲೇ ನಿಂತಿದ್ದೆ, ಆದ್ದರಿಂದ ಚೆನ್ನಾಗಿ ನೆನಪಿದೆ. ಗಾಡಿಯನ್ನು ಲಿಫ್ಟಿನಲ್ಲಿ ಎತ್ತಿ, ಆರ್ಮ್ ಕಳಚಿ, ಬುಷ್ ಪ್ರೆಸ್ ಮಾಡಿಸಿ ತಂದು, ಚಕ್ರಗಳು ಗಾಳಿಯಲ್ಲಿ ತೂಗುತ್ತಿದ್ದಾಗಲೇ ಗಾಳಿ ಗನ್ನಿನಿಂದ ಎಲ್ಲ ಬೋಲ್ಟುಗಳನ್ನೂ ಟರ್ರ್ ಎಂದು ಬಿಗಿದರು. ಅದರಲ್ಲಿ ತಪ್ಪೇನೆಂದು ನನಗೆ ತಿಳಿಯದು.

ಐಟಿಐ ಮೇಷ್ಟ್ರು:

ತಪ್ಪು ಅಲ್ಲೇ ಇದೆ. ಸಣ್ಣ ಲೆಕ್ಕ ಮಾಡೋಣ. ಆರ್ಮ್ 350 ಮಿಲಿಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು ಎತ್ತಿದಾಗ ಚಕ್ರ 80 ಮಿಲಿಮೀಟರ್ ಕೆಳಗೆ ಜೋಲುತ್ತದೆ ಎನ್ನಿ. ಆಗ ಆರ್ಮ್ ಸುಮಾರು 13 ಡಿಗ್ರಿ ಕೆಳಮುಖವಾಗಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರಿನ ಪಾಲಿಗೆ ಅದೇ ವಿಶ್ರಾಂತಿಯ ಸ್ಥಿತಿ. ಗಾಡಿಯನ್ನು ಕೆಳಗಿಳಿಸಿ ಮನೆಯ ಮುಂದೆ ಸುಮ್ಮನೆ ನಿಲ್ಲಿಸಿದರೂ ಅದು ಹಗಲೂ ರಾತ್ರಿ 13 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಹಂಪ್ ಮೇಲೆ ಚಕ್ರ ಇನ್ನೂ 80 ಮಿಲಿಮೀಟರ್ ಮೇಲಕ್ಕೆ ಹೋದರೆ ತಿರುಚು 26 ಡಿಗ್ರಿಗೆ ಏರುತ್ತದೆ. ಗಾಡಿ ನೆಲದ ಮೇಲೆ ತನ್ನ ಭಾರ ಹೊತ್ತು ನಿಂತಾಗ ಬಿಗಿದಿದ್ದರೆ ಅದೇ ಹಂಪಿಗೆ 13 ಡಿಗ್ರಿಯಲ್ಲಿ ಮುಗಿಯುತ್ತಿತ್ತು. ದಿನಕ್ಕೆ 120 ಕಿಲೋಮೀಟರ್, ಊರೂರಿಗೆ ಹಂಪು. ಹದಿನಾಲ್ಕು ತಿಂಗಳು ತಾಳಿದ್ದೇ ಹೆಚ್ಚು. ತಾವು ರಬ್ಬರನ್ನು ದೂರುತ್ತಿದ್ದೀರಿ, ಪಾಪ ಅದು ಮೊದಲ ದಿನದಿಂದಲೇ ಕತ್ತು ತಿರುಚಿಕೊಂಡು ದುಡಿದಿದೆ.

ಒಂದು ವಿಚಿತ್ರವೆಂದರೆ ಪಾಲಿ ಬುಷ್ ಜಾರುವುದರಿಂದ ಅದನ್ನು ಯಾವ ಸ್ಥಿತಿಯಲ್ಲಿ ಬಿಗಿದರೂ ಈ ತೊಂದರೆ ಬರುವುದಿಲ್ಲ. ಅವಸರದ ಗ್ಯಾರೇಜುಗಳಲ್ಲಿ ಪಾಲಿ "ಬಾಳಿಕೆ ಬರುತ್ತದೆ, ರಬ್ಬರ್ ಬರುವುದಿಲ್ಲ" ಎಂಬ ಮಾತು ಹುಟ್ಟಲು ಇದೂ ಒಂದು ಕಾರಣವಿರಬಹುದು.

ರಬ್ಬರ್ ಲ್ಯಾಬ್:

ಮೇಷ್ಟ್ರ ವಿವರಣೆಗೆ ವಸ್ತುವಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ನಾನು ಕೆಲಸ ಮಾಡುವುದು ರಬ್ಬರ್ ಬಿಡಿಭಾಗಗಳ ಪರೀಕ್ಷೆಯಲ್ಲಿ.

ಗಡಸುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುವುದು ರೂಢಿ; ಅಂಕಿ ಹೆಚ್ಚಿದಷ್ಟೂ ಗಟ್ಟಿ. ಸಸ್ಪೆನ್ಷನ್ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ರಸ್ತೆ ಬಳಕೆಯ ಪಾಲಿ 70ರ ಆಸುಪಾಸಿನಿಂದ ಶುರುವಾಗಿ, ರೇಸಿನದು 95ರವರೆಗೂ ಹೋಗುತ್ತದೆ. ಆದ್ದರಿಂದ "ಪಾಲಿ" ಎಂಬ ಒಂದೇ ಹೆಸರಿನಡಿ ತೀರ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಬಣ್ಣ ನೋಡಿ ಗಡಸುತನ ಹೇಳುವುದು ಆಯಾ ತಯಾರಕರ ಪಟ್ಟಿಗೆ ಮಾತ್ರ ಸರಿ. ಒಬ್ಬರ ಕೆಂಪು ಇನ್ನೊಬ್ಬರ ಹಳದಿಗಿಂತ ಮೆದುವಾಗಿರಬಹುದು.

ನಮ್ಮ ಭಾಗದವರು ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಪಾಲಿಯುರೆಥೇನಿನಲ್ಲಿ ಪಾಲಿಯೆಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು ಎಂದು ಎರಡು ದೊಡ್ಡ ಕುಲಗಳಿವೆ. ಪಾಲಿಯೆಸ್ಟರ್ ಕುಲ ಎಣ್ಣೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿ ಮತ್ತು ತೇವ ಸೇರಿದರೆ ನೀರಿನ ಅಣು ಅದರ ಸರಪಳಿಯನ್ನು ತುಂಡರಿಸುತ್ತ ಹೋಗುತ್ತದೆ. ವರ್ಷಗಳು ಕಳೆದಂತೆ ಅದು ಅಂಟಂಟಾಗಿ, ಕೊನೆಗೆ ಒಣ ಬೆಲ್ಲದಂತೆ ಪುಡಿಯಾಗುತ್ತದೆ. ಹಳೆಯ ಬೂಟಿನ ಅಟ್ಟೆ ಅಟ್ಟದಲ್ಲಿಟ್ಟಲ್ಲೇ ಪುಡಿಯಾಗುವುದನ್ನು ನೋಡಿರುತ್ತೀರಿ, ಎಷ್ಟೋ ಸಲ ಅದರ ಕಾರಣವೂ ಇದೇ. ಪಾಲಿಈಥರ್ ಕುಲ ನೀರಿಗೆ ಹೆಚ್ಚು ತಾಳುತ್ತದೆ. ಮೂಡಿಗೆರೆ, ಕೊಟ್ಟಿಗೆಹಾರದಂತಹ ಕಡೆ ತಿಂಗಳುಗಟ್ಟಲೆ ಚಾಸಿಯ ಅಡಿಭಾಗ ಒಣಗುವುದೇ ಇಲ್ಲ. ಅಲ್ಲಿ ಓಡಿಸುವವರು ಯಾವ ಕುಲವೆಂದು ಹೇಳಲಾಗದ ಅಂಗಡಿಯವನಿಂದ ಪಾಲಿ ಬುಷ್ ಕೊಳ್ಳಬಾರದು.

ರಬ್ಬರಿಗೂ ಶತ್ರುಗಳಿಲ್ಲವೆಂದಲ್ಲ. ಸಹಜ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಇಂಜಿನ್ ಎಣ್ಣೆ ಸೋರಿ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು. ಗಾಳಿಯ ಓಝೋನಿನಿಂದ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳೂ ಬರುತ್ತವೆ. ಆದರೆ ಪದೇ ಪದೇ ತಿರುಚಿದರೂ ಹರಿಯದೆ ತಾಳುವ ಗುಣದಲ್ಲಿ ಸಹಜ ರಬ್ಬರಿಗೆ ಸಾಟಿಯಾದ ವಸ್ತುಗಳು ಕಡಿಮೆ. 1937ರಲ್ಲಿ ಜರ್ಮನಿಯ ಲೆವರ್ಕೂಸನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆದರೂ ಕಾರು ತಯಾರಕರು ಆರ್ಮ್ ಬುಷ್‌ಗಳಿಗೆ ಬಹುತೇಕ ರಬ್ಬರನ್ನೇ ಬಳಸುತ್ತಾರೆ. ಬರೀ ಅಗ್ಗವೆಂಬ ಕಾರಣಕ್ಕಲ್ಲ. ಒಂದು ದಿಕ್ಕಿಗೆ ಗಟ್ಟಿ, ಇನ್ನೊಂದು ದಿಕ್ಕಿಗೆ ಮೆದು ಇರುವಂತೆ ಅದನ್ನು ಎರಕ ಹೊಯ್ಯಬಹುದು ಎಂಬ ಕಾರಣಕ್ಕೂ ಹೌದು.

ಹಾಸನದ ಲೇತ್:

ನಮ್ಮ ಅಂಗಡಿಗೆ ವಾರಕ್ಕೊಬ್ಬರಾದರೂ ಬಂದು, "ಒಂದು ನೈಲಾನ್ ಸಲಾಕೆ ಕೊರೆದು ಬುಷ್ ಮಾಡಿಕೊಡಿ, ಜೀವಮಾನ ಬಾಳಲಿ" ಎಂದು ಕೇಳುತ್ತಾರೆ. ಪಿಕಪ್ ಗಾಡಿಗಳ ಹಿಂದಿನ ಲೀಫ್ ಸ್ಪ್ರಿಂಗ್ ಕಣ್ಣಿಗೆ (ತುದಿಯ ಬಳೆಗೆ) ಮಾಡಿಕೊಟ್ಟಿದ್ದೇನೆ, ಅಲ್ಲಿ ನಡೆಯುತ್ತದೆ. ಅದು ಒಂದೇ ಅಕ್ಷದಲ್ಲಿ ತಿರುಗುವ ಜಾಗ, ಭಾರ ಹೊರುವ ಗಾಡಿ, ಒಳಗೆ ಕುಳಿತವರು ಮೆತ್ತಗಿನ ಸವಾರಿ ನಿರೀಕ್ಷಿಸುವುದಿಲ್ಲ. ಕಾರಿನ ಲೋವರ್ ಆರ್ಮ್‌ಗೆ ಮಾತ್ರ ನಾನು ಮಾಡಿಕೊಡುವುದಿಲ್ಲ. ಬಹಳ ಹಿಂದೆ ಒಬ್ಬರಿಗೆ ಒತ್ತಾಯಕ್ಕೆ ಮಣಿದು ಮಾಡಿಕೊಟ್ಟೆ. ಬುಷ್ ಏನೂ ಆಗಲಿಲ್ಲ, ಆದರೆ ಅದು ಕೂತಿದ್ದ ಆರ್ಮಿನ ಗೂಡೇ ಬಿರುಕು ಬಿಟ್ಟು ಬಂತು. ಮೆದುವಾದದ್ದು ಸವೆಯಲಿ ಎಂದು ಇಟ್ಟ ಜಾಗದಲ್ಲಿ ಗಟ್ಟಿ ಇಟ್ಟರೆ ಪಕ್ಕದ್ದು ಸವೆಯುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಬುಷ್ ಹೊರಬರದಿದ್ದರೆ ಗ್ಯಾಸ್ ಕಟ್ಟರಿನಿಂದ ಸುಡುವ ಅಭ್ಯಾಸ ಕೆಲವು ಕಡೆ ಇದೆ. ರಬ್ಬರಿನ ಹೊಗೆಯೇ ಕೆಟ್ಟದ್ದು. ಪಾಲಿಯುರೆಥೇನ್ ಸುಟ್ಟರೆ ಹೈಡ್ರೋಜನ್ ಸಯನೈಡಿನಂತಹ ವಿಷಾನಿಲ ಬರುತ್ತದೆ. ಪಾಲಿ ಹಾಕಿಸಿದವರು ಮುಂದೊಂದು ದಿನ ಅದನ್ನು ತೆಗೆಸುವಾಗ ಮೆಕ್ಯಾನಿಕ್‌ಗೆ ಇದು ಪಾಲಿ, ಸುಡಬೇಡ, ಪ್ರೆಸ್ಸಿನಲ್ಲೇ ತೆಗೆ ಎಂದು ತಪ್ಪದೆ ಹೇಳಬೇಕು.

ಕೊಟ್ಟಿಗೆಹಾರ:

ಟ್ಯಾಕ್ಸಿ ಓಡಿಸುವವನು ನಾನು, ಚಾರ್ಮಾಡಿ ಘಾಟಿ ಹತ್ತಿ ಇಳಿಯುವುದೇ ಕಸುಬು. ಬುಷ್ ವಿಚಾರ ಆಮೇಲೆ. ಎಡಗಡೆ ಮಾತ್ರ ಟಕ್ ಎನ್ನುತ್ತಿದೆಯೆಂದರೆ ಮೊದಲು ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸಲಾಕೆ) ಮತ್ತು ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ನೋಡಿಸಿ. ಈ ಶಬ್ದಕ್ಕೆ ನಾನು ಒಮ್ಮೆ ಎರಡೂ ಆರ್ಮ್ ಬದಲಿಸಿದೆ, ಶಬ್ದ ಹೋಗಲಿಲ್ಲ. ಕೊನೆಗೆ ಹೋದದ್ದು ಲಿಂಕ್ ರಾಡ್ ಬದಲಿಸಿದಾಗ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ, ಶಬ್ದ ಎಂದ ಕೂಡಲೇ ಬುಷ್ ಎನ್ನುವವರೇ ಹೆಚ್ಚು.

ಕೈಮರದ ತಿರುವು:

ಮೇಷ್ಟ್ರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ಎಲ್ಲ ಪಾಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚೌಕಟ್ಟಿಗೆ ಹಿಡಿಯುವ ಡಿ ಆಕಾರದ ಬುಷ್‌ಗಳಿವೆಯಲ್ಲ, ಅಲ್ಲಿ ಪಾಲಿ ಹಾಕಿದರೆ ಏನು ನಷ್ಟ? ಗಾಡಿ ವಾಲತೊಡಗಿದ ಕೂಡಲೇ ಬಾರ್ ಕೆಲಸ ಶುರುಮಾಡುತ್ತದೆ. ರಬ್ಬರ್ ಆದರೆ ಮೊದಲು ಅದು ಅಮುಕಿಕೊಳ್ಳಬೇಕು, ಆಮೇಲೆ ಬಾರ್ ತಿರುಚಬೇಕು. ನೇರ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಆ ಬಾರ್ ತಿರುಚುವುದೇ ಇಲ್ಲವಾದ್ದರಿಂದ ಸವಾರಿಯೂ ಅಷ್ಟಾಗಿ ಕೆಡುವುದಿಲ್ಲ. ನನ್ನ ಗಾಡಿಯ ಸುಧಾರಣೆಯಲ್ಲಿ ಅರ್ಧ ಪಾಲು ಈ ಎರಡು ಸಣ್ಣ ತುಂಡುಗಳಿಂದಲೇ ಬಂದದ್ದು ಎಂದು ಈಗ ಅನ್ನಿಸುತ್ತಿದೆ. ಆರ್ಮಿನ ಪಾಲಿ ತೆಗೆಸಿ ಇವನ್ನಷ್ಟೇ ಉಳಿಸಿಕೊಳ್ಳಬಹುದಿತ್ತೇನೋ.

ಐಟಿಐ ಮೇಷ್ಟ್ರು:

ಕೈಮರದವರ ತಕರಾರು ನ್ಯಾಯವಾದದ್ದು, ಒಪ್ಪಿದೆ. ಅಲ್ಲಿ ಪಾಲಿಗೆ ನನ್ನ ಅಡ್ಡಿಯಿಲ್ಲ. ಅದನ್ನು ಬದಲಿಸಲು ಪ್ರೆಸ್ ಬೇಕಿಲ್ಲ, ಹಿಡಿಸದಿದ್ದರೆ ಕೆಲವೇ ಬೋಲ್ಟು ಬಿಚ್ಚಿ ರಬ್ಬರಿಗೆ ಮರಳಬಹುದು. ಬಾರಿನ ದಪ್ಪಕ್ಕೆ ಸರಿಯಾದ ಅಳತೆಯದ್ದನ್ನೇ ತರಬೇಕು. ಗ್ರೀಸ್ ಸಿಲಿಕೋನ್ ಆಧಾರದ್ದಾಗಿರಬೇಕು, ಚಕ್ರದ ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಮಳೆಗೆ ಬೇಗ ತೊಳೆದುಹೋಗುತ್ತದೆ. ಆದರೆ ಹಿಂದಿನ ಆಕ್ಸಲ್ ಬುಷ್‌ಗಳ ತಂಟೆಗೆ ಯಾರೂ ಹೋಗಬಾರದೆಂದು ವಿನಂತಿ. ಸಣ್ಣ ಕಾರುಗಳ ಹಿಂದಿನ ತೊಲೆಯ ಬುಷ್‌ಗಳನ್ನು ಎಷ್ಟೋ ಗಾಡಿಗಳಲ್ಲಿ ಓರೆಯಾಗಿ ಕೂರಿಸಿರುತ್ತಾರೆ. ತಿರುವಿನಲ್ಲಿ ರಬ್ಬರ್ ಅಮುಕಿದಾಗ ಹಿಂದಿನ ಚಕ್ರಗಳು ಹೊರಕ್ಕೆ ತಿರುಗದಂತೆಯೂ ಬಾಲ ಜಾರದಂತೆಯೂ ನೋಡಿಕೊಳ್ಳುವ ಏರ್ಪಾಡು ಅದು. ಗಟ್ಟಿ ಮಾಡಿದರೆ ಆ ಏರ್ಪಾಡು ಕೆಡುತ್ತದೆ, ಅದೂ ಮಳೆಯಲ್ಲಿ ನೆನೆದ ಘಾಟಿ ತಿರುವಿನಲ್ಲಿ.

ಬೇಲೂರು ದಾರಿಯವರು ಗ್ಯಾರೇಜಿನಲ್ಲಿ ಎದುರು ನಿಂತು ನೋಡಬೇಕಾದದ್ದು ಇಷ್ಟೇ. ಬದಲಿಸುವ ಮುನ್ನ ಜಾಕಿ ರಾಡಿನಂಥದ್ದನ್ನು ಆರ್ಮಿಗೂ ಚೌಕಟ್ಟಿಗೂ ನಡುವೆ ಕೊಟ್ಟು ಮೀಟಿ ನೋಡಲಿ. ಮೇಲ್ಮೈಯ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡು ಸಂದು ಕಂಡರೆ ಅಥವಾ ಲೋಹ ಲೋಹಕ್ಕೆ ತಾಗಿದರೆ ಬುಷ್ ಮುಗಿಯಿತೆಂದೇ ಅರ್ಥ. ಹೊಸ ಬುಷ್ ಒತ್ತುವಾಗ ಟೊಳ್ಳು ಸಂದುಗಳು ಹಳೆಯದರಲ್ಲಿ ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ಇರಬೇಕು. ಬಿಚ್ಚುವ ಮೊದಲೇ ಆರ್ಮ್ ಮೇಲೆ ಪೇಂಟಿನ ಗುರುತು ಹಾಕಿಸಿ. ಒಳಕ್ಕೆ ಸಲೀಸಾಗಿ ಹೋಗಲೆಂದು ಎಣ್ಣೆ ಹಚ್ಚುವುದು ಬೇಡ, ಸೋಪಿನ ನೀರು ಸಾಕು. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಮೂತಿಯನ್ನು ನಾಲ್ಕಾರು ಸಲ ಅದುಮಿ, ಆಮೇಲೆ ಗುಂಡಿಯ ಮೇಲಾಗಲಿ ರ‍್ಯಾಂಪಿನ ಮೇಲಾಗಲಿ ನಿಲ್ಲಿಸಿ ಬಿಗಿಯ ಪ್ರಮಾಣ ಅಳೆಯುವ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಡಬೇಕು. ಕಡೆಗೆ ವೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಹೊಸ ಟೈರಿಗೂ ಹಳೆಯ ಗತಿಯೇ.

ಬೇಲೂರು ದಾರಿ:

ಹೂಮಳೆಯ ಹೊತ್ತಿಗೆ ಶುರುವಾದ ಈ ಚರ್ಚೆಗೆ ಪುಷ್ಯ ಮಳೆಯಲ್ಲಿ ಉತ್ತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಬೇರೊಂದು ಗ್ಯಾರೇಜಿಗೆ ಹೋದೆ. ಮೀಟಿ ನೋಡಿದಾಗ ಎಡ ಆರ್ಮಿನ ಹಿಂದಿನ ಬುಷ್ ಒಳಕೊಳವೆಯಿಂದ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಹರಿದ ಅಂಚು ಒಂದೇ ದಿಕ್ಕಿಗೆ ಸೀಳಿದಂತಿದ್ದು, ತಿರುಚಿಯೇ ಹರಿದದ್ದು ಎಂದು ಮೆಕ್ಯಾನಿಕ್ಕೂ ಒಪ್ಪಿದರು. ಬಲಗಡೆಯದ್ದು ಹರಿಯುವ ಹಾದಿಯಲ್ಲಿತ್ತು. ಕೊಟ್ಟಿಗೆಹಾರದವರ ಮಾತೂ ಸುಳ್ಳಾಗಲಿಲ್ಲ: ಟಕ್ ಶಬ್ದ ಬರುತ್ತಿದ್ದದ್ದು ಎಡ ಲಿಂಕ್ ರಾಡಿನಿಂದ, ಎಳೆತಕ್ಕೆ ಮತ್ತು ಟೈರು ಸವೆತಕ್ಕೆ ಕಾರಣ ಬುಷ್. ಎರಡು ಬೇರೆ ರೋಗಗಳನ್ನು ನಾನು ಒಂದೆಂದು ತಿಳಿದಿದ್ದೆ.

ಆರ್ಮಿಗೆ ಕಂಪನಿಯ ರಬ್ಬರ್ ಬುಷ್‌ಗಳನ್ನೇ ಹಾಕಿಸಿದೆ. ನೆಲದ ಮೇಲೆ ನಿಲ್ಲಿಸಿ ಬಿಗಿಯಬೇಕೆಂದಾಗ ಮೆಕ್ಯಾನಿಕ್ ಮೊದಲು ಮುಖ ಸಿಂಡರಿಸಿದರು, ಕೆಳಗೆ ಕೈಯೇ ಹೋಗುವುದಿಲ್ಲವೆಂದರು. ಮೇಷ್ಟ್ರ 13 ಡಿಗ್ರಿಯ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದ ಮೇಲೆ, ಹಳೆಯ ಇನ್‌ಸ್ಪೆಕ್ಷನ್ ಗುಂಡಿಯ ಮೇಲಿದ್ದ ಹಲಗೆಗಳನ್ನು ಸರಿಸಿ ಅಲ್ಲಿ ಗಾಡಿ ನಿಲ್ಲಿಸಿ ಬಿಗಿದುಕೊಟ್ಟರು. ಸ್ಟೆಬಿಲೈಸರ್ ಬಾರಿಗೆ ಮಾತ್ರ ಕೈಮರದವರ ಸಲಹೆಯಂತೆ ಪಾಲಿ ತುಂಡುಗಳನ್ನು ಹಾಕಿಸಿದ್ದೇನೆ, ಪಾಲಿಈಥರ್ ಎಂದು ಬರೆದುಕೊಟ್ಟವರಿಂದಲೇ ಕೊಂಡದ್ದು.

ನಾಲ್ಕು ಸಾವಿರ ಕಿಲೋಮೀಟರ್ ಆಯಿತು. ಬ್ರೇಕಿನಲ್ಲಿ ಎಳೆತವಿಲ್ಲ, ಬೇಲೂರಿನಾಚೆಯ ತಿರುವುಗಳಲ್ಲಿ ಗಾಡಿ ಮೊದಲಿನಷ್ಟು ವಾಲುವುದಿಲ್ಲ. ತೋಟದ ದಾರಿಯಲ್ಲಿ ಅಮ್ಮ ಏನೂ ಹೇಳಲಿಲ್ಲ. ಅವರು ಹೇಳದಿದ್ದರೆ ಚೆನ್ನಾಗಿದೆ ಎಂದು ಅರ್ಥ. ಕಳೆದ ವಾರದ ಜಡಿಮಳೆಯ ನಂತರ ಬಾರಿನ ಕಡೆಯಿಂದ ಬೆಳಗಿನ ಹೊತ್ತು ಸಣ್ಣಗೆ ಕಿರ್ರ್ ಎನ್ನತೊಡಗಿದೆ. ಕೈಮರದವರೇ, ತಾವು ಬಳಸುವ ಸಿಲಿಕೋನ್ ಗ್ರೀಸ್ ಚಿಕ್ಕಮಗಳೂರಿನಲ್ಲೇ ಸಿಗುತ್ತದೆಯೋ, ಹಾಸನದಿಂದ ತರಬೇಕೋ?

ಕೈಮರದ ತಿರುವು:

ನನ್ನ ಹತ್ತಿರ ಅರ್ಧ ಡಬ್ಬಿ ಉಳಿದಿದೆ. ಭಾನುವಾರ ಬೆಳಗ್ಗೆ ಮಳೆ ಬಿಟ್ಟರೆ ಮನೆಯ ಕಡೆ ಬನ್ನಿ, ಬೋಲ್ಟು ಬಿಚ್ಚಿ ಹಚ್ಚಿಬಿಡೋಣ. ಹಾಗೆಯೇ ನನ್ನ ಆರ್ಮಿಗೆ ರಬ್ಬರ್ ವಾಪಸು ಹಾಕಿಸುವ ವಿಚಾರವನ್ನೂ ಮಾತಾಡಬೇಕಿದೆ.